ಶೇಂಗಾಕ್ಕಿರುವ ಕಾಯಿದೆ ಆಸ್ಪತ್ರೆಯ ಗೋಡೆಗೇಕಿಲ್ಲ?

ಬಳ್ಳಾರಿ ಸೀಮೆಯ ರೈತನಿಗೆ ಬೂಷ್ಟಿನ ಬಗ್ಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಕಿತ್ತ ಶೇಂಗಾ ಹೊಲದಲ್ಲಿ ಒಣಗುವ ಹೊತ್ತಿಗೆ ಮಳೆ ಹಿಡಿದರೆ ಕಾಯಿಯೊಳಗೆ ಹಳದಿ ಮಿಶ್ರಿತ ಹಸಿರು ಬೂಷ್ಟು ಕಟ್ಟುತ್ತದೆ. ಆಸ್ಪರ್ಜಿಲಸ್ ಫ್ಲೇವಸ್ ಎಂಬ ಆ ಶಿಲೀಂಧ್ರ ಕಾಳಿನಲ್ಲಿ ಬಿಡುವ ನಂಜಿಗೆ ಅಫ್ಲಟಾಕ್ಸಿನ್ ಎಂದು ಹೆಸರು. ದೇಶದ ಆಹಾರ ಸುರಕ್ಷತಾ ನಿಯಮಗಳ ಪ್ರಕಾರ ಧಾನ್ಯ ಮತ್ತು ಬೇಳೆಕಾಳುಗಳಲ್ಲಿ ಈ ನಂಜು ಕಿಲೋಗೆ 15 ಮೈಕ್ರೋಗ್ರಾಂ ಮೀರಕೂಡದು. ನೇರವಾಗಿ ತಿನ್ನುವ ಬೀಜಗಳಲ್ಲಿ 10 ಮೀರಕೂಡದು. ಹಾಲಿನಲ್ಲಿ ಅದರ ಮಾರ್ಪಟ್ಟ ರೂಪ 0.5 ಮೀರಕೂಡದು. ಸರ್ಕಾರದ ಖರೀದಿ ಕೇಂದ್ರಕ್ಕೆ ಕಂಪ್ಲಿಯ ರೈತ ಭತ್ತ ಒಯ್ದರೆ ಮೊದಲು ತೇವಾಂಶ ಅಳೆಯುತ್ತಾರೆ. ಶೇ. 17 ದಾಟಿತೆಂದರೆ ಭತ್ತ ನಿಗದಿತ ಗುಣಮಟ್ಟದ್ದಲ್ಲ. ತೇವ ಹೆಚ್ಚಾದರೆ ದಾಸ್ತಾನು ಬೂಷ್ಟು ಹಿಡಿಯುತ್ತದೆ ಎಂಬ ಅರಿವು ಇಲ್ಲಿ ಕಾಯಿದೆಯ ರೂಪ ಪಡೆದಿದೆ. ಅಳೆಯುವವರು ಯಾರು, ತಿರಸ್ಕರಿಸುವವರು ಯಾರು, ನಷ್ಟ ಯಾರ ಪಾಲಿಗೆ ಎಂಬುದೆಲ್ಲ ಗೊತ್ತುಪಡಿಸಲಾಗಿದೆ. ನಷ್ಟ ಬಹುಮಟ್ಟಿಗೆ ರೈತನ ಪಾಲಿಗೇ ಬರುತ್ತದೆ ಎಂಬುದು ಬೇರೆ ಮಾತು.

ಅದೇ ರೈತ ಆಸ್ಪತ್ರೆಯಲ್ಲಿ ಮಲಗಿದಾಗ ಅವನ ಹಾಸಿಗೆಯ ಪಕ್ಕದ ಗೋಡೆಯ ತೇವವನ್ನು ಅಳೆಯಬೇಕೆಂದು ಯಾವ ಕಾಯಿದೆಯೂ ಹೇಳುವುದಿಲ್ಲ. ಶಸ್ತ್ರಚಿಕಿತ್ಸಾ ಕೊಠಡಿಯ ಹವಾನಿಯಂತ್ರಣ ಕೊಳವೆಯಲ್ಲಿ ಕಪ್ಪು ಮಸಿಯಂಥದ್ದು ಕಂಡರೆ ಎಷ್ಟು ದಿನದೊಳಗೆ ತೆಗೆಸಬೇಕು, ತೆಗೆಸದಿದ್ದರೆ ಉತ್ತರದಾಯಿ ಯಾರು ಎಂಬುದೂ ಬರೆದಿಲ್ಲ. ಸರ್ಕಾರಿ ಆಸ್ಪತ್ರೆಗಳ ಮಟ್ಟಿಗಂತೂ ಇದು ಪೂರ್ಣ ಸತ್ಯ.

ಬಳ್ಳಾರಿ, ಹೊಸಪೇಟೆಗಳು ಒಣನಾಡು, ಬೂಷ್ಟಿನ ಚಿಂತೆಯೇನಿದ್ದರೂ ಆಗುಂಬೆ, ಮಡಿಕೇರಿಯವರಿಗೆ ಎಂದು ವಾದಿಸುವವರಿದ್ದಾರೆ. ಈ ವಾದಕ್ಕೆ ವೈಜ್ಞಾನಿಕ ಬುಡವಿಲ್ಲ. ಶಿಲೀಂಧ್ರಕ್ಕೆ ಬೇಕಾಗಿರುವುದು ಒದ್ದೆ ಗೋಡೆ. ಜಿಲ್ಲೆಯ ವಾರ್ಷಿಕ ಮಳೆಯ ಲೆಕ್ಕ ಅದಕ್ಕೆ ಬೇಕಿಲ್ಲ. ಇಳಿಜಾರಿಲ್ಲದ ಕಾಂಕ್ರೀಟ್ ತಾರಸಿ, ಮೂಲೆಯಲ್ಲಿ ಮುಚ್ಚಿಹೋದ ಮಳೆನೀರಿನ ಕೊಳವೆ, ಸೋರುವ ಮೇಲ್ತೊಟ್ಟಿ, ಶೌಚಾಲಯದ ಹಿಂಬದಿಯ ಗೋಡೆ, ಇವಿಷ್ಟು ಸಾಕು. ಅದಕ್ಕೆ ಒಣನಾಡಿನದೇ ಆದ ಇನ್ನೊಂದು ಕಾರಣವನ್ನೂ ಸೇರಿಸಬೇಕು. ಹೊರಗೆ ಸುಡುವ ಬಿಸಿಲು, ಒಳಗೆ ಹವಾನಿಯಂತ್ರಿತ ತಂಪು. ಹೊರಗಿನ ಗಾಳಿ ತಂಪಾದ ಲೋಹದ ಕೊಳವೆಗೋ ಗೋಡೆಗೋ ತಾಗಿದಲ್ಲಿ ನೀರಾಗಿ ಕೂರುತ್ತದೆ. ಕಾಲುವೆ ನೀರಿನ ಗದ್ದೆಗಳು ಸುತ್ತುವರಿದ ಕಂಪ್ಲಿಯಂಥ ಊರಿನಲ್ಲಿ ಈ ಹೊರಗಾಳಿಯೇ ತೇವದಿಂದ ಕೂಡಿರುತ್ತದೆ. ಸಂಡೂರಿನ ಬೆಟ್ಟಸಾಲಿನ ಊರುಗಳಲ್ಲಿ ಬಯಲಿಗಿಂತ ಮಳೆ ಹೆಚ್ಚು. ಅದಿರಿನ ಲಾರಿಗಳು ಎಬ್ಬಿಸುವ ಕೆಂಧೂಳು ಹವಾನಿಯಂತ್ರಕದ ಶೋಧಕವನ್ನು ಬೇಗ ಕಟ್ಟಿಸುತ್ತದೆ. ಕಟ್ಟಿದ ಶೋಧಕದಲ್ಲಿ ಕಸ ನಿಲ್ಲುತ್ತದೆ, ಕಸದಲ್ಲಿ ತೇವ ನಿಲ್ಲುತ್ತದೆ, ತೇವದಲ್ಲಿ ಬೂಷ್ಟು ಬೆಳೆಯುತ್ತದೆ. ಒಮ್ಮೆ ನೆನೆದ ಜಿಪ್ಸಮ್ ಹಲಗೆ, ಹಾಸಿಗೆ, ರಟ್ಟು ಒಂದೆರಡು ದಿನಗಳಲ್ಲಿ ಒಣಗದಿದ್ದರೆ ಅಲ್ಲಿ ಬೆಳವಣಿಗೆ ಶುರುವಾದಂತೆಯೇ.

ಆರೋಗ್ಯವಂತರಿಗೆ ಇದರಿಂದ ದೊಡ್ಡ ಅಪಾಯವಿಲ್ಲ ಎಂಬುದನ್ನೂ ಹೇಳಬೇಕು. ಗೊಬ್ಬರದ ಗುಂಡಿ ಕೆದರುವವರು, ಹಳೆಯ ಬಣವೆ ಕೀಳುವವರು ದಿನಕ್ಕೆ ಲಕ್ಷಗಟ್ಟಲೆ ಬೀಜಾಣುಗಳನ್ನು ಉಸಿರಾಡಿ ಅರಗಿಸಿಕೊಳ್ಳುತ್ತಾರೆ. ಆದರೆ ಆಸ್ಪತ್ರೆಯಲ್ಲಿ ಇರುವವರು ಆರೋಗ್ಯವಂತರಲ್ಲ. ಆಸ್ಪರ್ಜಿಲಸ್ ಫ್ಯೂಮಿಗೇಟಸ್ ಎಂಬ ಶಿಲೀಂಧ್ರದ ಬೀಜಾಣು ಎರಡು ಮೂರು ಮೈಕ್ರಾನ್ ಗಾತ್ರದ್ದು. ಶ್ವಾಸಕೋಶದ ಕೊನೆಯ ಗಾಳಿಗೂಡಿನವರೆಗೂ ಅದು ಹೋಗಬಲ್ಲದು, ಮನುಷ್ಯನ ಮೈಬಿಸಿಯಲ್ಲಿ ಹಾಯಾಗಿ ಬೆಳೆಯಬಲ್ಲದು. ಹತೋಟಿ ತಪ್ಪಿದ ಸಕ್ಕರೆ ಕಾಯಿಲೆಯವರು, ಸ್ಟೀರಾಯ್ಡ್ ಪಡೆಯುತ್ತಿರುವವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ಕ್ಷಯ ವಾಸಿಯಾಗಿ ಶ್ವಾಸಕೋಶದಲ್ಲಿ ಪೊಟರೆ ಉಳಿದವರು ಇದಕ್ಕೆ ಸುಲಭದ ತುತ್ತು. ಕ್ಷಯದ ಹಳೆಯ ಪೊಟರೆಯಲ್ಲಿ ಈ ಶಿಲೀಂಧ್ರ ಮನೆ ಮಾಡಿದಾಗ ಮತ್ತೆ ಕೆಮ್ಮು, ಮತ್ತೆ ಕಫದಲ್ಲಿ ರಕ್ತ, ಮತ್ತೆ ತೂಕ ಇಳಿತ. ಕ್ಷಯವೇ ಮರುಕಳಿಸಿತೆಂದು ಮತ್ತೆ ಕ್ಷಯದ ಮಾತ್ರೆ ಕೊಡುವುದುಂಟು. ಗಣಿಧೂಳು ಕುಡಿದ ಎದೆಗಳೇ ಹೆಚ್ಚಿರುವ ಸಂಡೂರಿನಂಥ ತಾಲ್ಲೂಕಿನಲ್ಲಿ ಇದು ಕಡೆಗಣಿಸುವ ಸಂಗತಿಯಲ್ಲ. ವಿಶ್ವ ಆರೋಗ್ಯ ಸಂಸ್ಥೆ 2022ರ ಅಕ್ಟೋಬರಿನಲ್ಲಿ ಮೊದಲ ಬಾರಿಗೆ ರೋಗಕಾರಕ ಶಿಲೀಂಧ್ರಗಳ ಆದ್ಯತಾ ಪಟ್ಟಿ ಹೊರಡಿಸಿದಾಗ ಆಸ್ಪರ್ಜಿಲಸ್ ಫ್ಯೂಮಿಗೇಟಸನ್ನು ಅತ್ಯಂತ ಗಂಭೀರ ಎಂಬ ಗುಂಪಿನಲ್ಲಿಟ್ಟಿತು.

ಸರ್ಕಾರಕ್ಕೆ ಶಿಲೀಂಧ್ರದ ನೆನಪಾದದ್ದು 2021ರಲ್ಲಿ. ಕೋವಿಡ್ ಎರಡನೇ ಅಲೆಯ ಬೆನ್ನಿಗೆ ಕಪ್ಪು ಶಿಲೀಂಧ್ರ ಎಂದು ಜನ ಕರೆದ ಮ್ಯೂಕರ್‌ಮೈಕೋಸಿಸ್ ಬಂತು. ಆ ವರ್ಷ ಜೂನ್ 28ರ ಹೊತ್ತಿಗೆ ದೇಶದಲ್ಲಿ 40,845 ಪ್ರಕರಣಗಳು, 3,129 ಸಾವುಗಳು ವರದಿಯಾಗಿದ್ದವು. ರೋಗಿಗಳಲ್ಲಿ ನೂರಕ್ಕೆ ಸುಮಾರು 64 ಮಂದಿ ಸಕ್ಕರೆ ಕಾಯಿಲೆಯವರು, ಅರ್ಧಕ್ಕಿಂತ ಹೆಚ್ಚು ಮಂದಿ ಸ್ಟೀರಾಯ್ಡ್ ಪಡೆದವರು. ಕಣ್ಣು ಕಳೆದುಕೊಂಡವರು, ದವಡೆ ಕಳೆದುಕೊಂಡವರು ರಾಜ್ಯದ ಪ್ರತಿ ಜಿಲ್ಲೆಯಲ್ಲೂ ಇದ್ದಾರೆ. ಆಂಫೊಟೆರಿಸಿನ್ ಎಂಬ ಚುಚ್ಚುಮದ್ದಿಗಾಗಿ ಮನೆಯವರು ಊರೂರು ಅಲೆದರು. ಕೇಂದ್ರದ ಸೂಚನೆಯಂತೆ ರಾಜ್ಯ ಸರ್ಕಾರ ಇದನ್ನು ಸಾಂಕ್ರಾಮಿಕ ರೋಗಗಳ ಕಾಯಿದೆಯಡಿ ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗವೆಂದು ಸಾರಿತು. ಆಮ್ಲಜನಕವನ್ನು ತೇವಗೊಳಿಸುವ ಬಾಟಲಿಗೆ ನಲ್ಲಿ ನೀರು ಹಾಕುತ್ತಿದ್ದಾರೆಯೇ, ಸಿಲಿಂಡರು ಮತ್ತು ಕೊಳವೆಗಳು ಶುಚಿಯಾಗಿವೆಯೇ ಎಂದು ಪರಿಶೀಲಿಸುವಂತೆ ಆ ಮೇ ತಿಂಗಳಲ್ಲೇ ಸೂಚನೆ ಹೊರಟಿತು. ಆಗ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಆಮ್ಲಜನಕ ರಾಜ್ಯದ ನಾನಾ ಕಡೆಗೆ ಹೋಗುತ್ತಿತ್ತು. ಕಾರ್ಖಾನೆಯ ಮಗ್ಗುಲಲ್ಲೇ ಸಾವಿರ ಹಾಸಿಗೆಯ ತಾತ್ಕಾಲಿಕ ಆಸ್ಪತ್ರೆ ಎದ್ದಿತ್ತು. ಕಾರ್ಖಾನೆಯ ಆಮ್ಲಜನಕವೇ ರೋಗ ತಂದಿತೆಂಬ ಗುಸುಗುಸು ಹಬ್ಬಿತು. ಅದಿರಿನ ಧೂಳಿನಲ್ಲಿ ಕಬ್ಬಿಣವಿದೆ, ಈ ಶಿಲೀಂಧ್ರಕ್ಕೂ ಕಬ್ಬಿಣ ಬೇಕು, ಆದ್ದರಿಂದ ಗಣಿಯೇ ಕಾರಣ ಎಂದವರೂ ಇದ್ದರು. ಪರಿಸರ ಚಳವಳಿ ಇಂಥ ಸುಲಭದ ವಾದಗಳಿಗೆ ಜೋತುಬೀಳಬಾರದು. ಶಿಲೀಂಧ್ರ ಬಳಸಿಕೊಳ್ಳುವುದು ರಕ್ತದಲ್ಲಿ ಬಿಡುಗಡೆಯಾದ ಕಬ್ಬಿಣವನ್ನು. ಬಟ್ಟೆಗೆ ಅಂಟಿದ ಅದಿರಿನ ಧೂಳಿನ ಕಥೆ ಬೇರೆ. ಗಣಿಗಾರಿಕೆಯ ವಿರುದ್ಧ ಹೇಳಲು ಗಟ್ಟಿ ಪುರಾವೆಗಳೇ ಸಾಕಷ್ಟಿವೆ.

ಕೇಳಬೇಕಾದದ್ದು ಬೇರೆ ಪ್ರಶ್ನೆ. ಅಂದು ಬಾಟಲಿಯ ನೀರು, ವಾರ್ಡಿನ ಶುಚಿತ್ವ, ಕೊಳವೆಯ ಬೂಷ್ಟುಗಳನ್ನು ನೋಡಬೇಕೆಂದು ತುರ್ತಿನಲ್ಲಿ ಅನ್ನಿಸಿತಲ್ಲ, ಅಲೆ ಇಳಿದ ಮೇಲೆ ಆ ನೋಟಕ್ಕೆ ಕಾಯಂ ಕಾಯಿದೆಯ ಬಲ ಬಂತೇ? ಬರಲಿಲ್ಲ. ಆಸ್ಪತ್ರೆಯೊಳಗೇ ತಗುಲಿದ ಆಸ್ಪರ್ಜಿಲಸ್ ಸೋಂಕನ್ನು ವರದಿ ಮಾಡಬೇಕೆಂಬ ಕಡ್ಡಾಯ ಇಂದಿಗೂ ಇಲ್ಲ. ವರದಿಯಿಲ್ಲದ ರೋಗಕ್ಕೆ ಲೆಕ್ಕವಿಲ್ಲ. ಲೆಕ್ಕವಿಲ್ಲದ್ದಕ್ಕೆ ಹಣವೂ ಇಲ್ಲ.

ಕಾಯಿದೆಗಳ ಸ್ಥಿತಿಯನ್ನು ಸ್ವಲ್ಪ ಬಿಡಿಸಿ ನೋಡಬೇಕು. ಕರ್ನಾಟಕದಲ್ಲಿ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆ ಇದೆ. 2017ರಲ್ಲಿ ಅದಕ್ಕೆ ತಿದ್ದುಪಡಿಯಾಯಿತು. ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ಪ್ರಾಧಿಕಾರಕ್ಕೆ ನೋಂದಣಿ, ತಪಾಸಣೆ, ದಂಡ, ಪರವಾನಗಿ ರದ್ದತಿಯ ಅಧಿಕಾರ ಇದೆ. ಆದರೆ ಹೆಸರೇ ಹೇಳುವಂತೆ ಅದು ಖಾಸಗಿಯವರಿಗೆ. ಹೊಸಪೇಟೆಯ ಖಾಸಗಿ ನರ್ಸಿಂಗ್ ಹೋಮಿಗೆ ಅನ್ವಯಿಸುವ ಕಾಯಿದೆ ಸಂಡೂರಿನ ಸರ್ಕಾರಿ ತಾಲ್ಲೂಕು ಆಸ್ಪತ್ರೆಗೆ ಅನ್ವಯಿಸುವುದಿಲ್ಲ. 2017ರ ನವೆಂಬರಿನಲ್ಲಿ ಖಾಸಗಿ ವೈದ್ಯರು ಮುಷ್ಕರ ಹೂಡಿದಾಗ ಸರ್ಕಾರಿ ಆಸ್ಪತ್ರೆಗಳನ್ನೂ ಕಾಯಿದೆಯೊಳಗೆ ತನ್ನಿ ಎಂದು ಕೇಳಿದ್ದರು. ಅವರ ಉಳಿದ ಬೇಡಿಕೆಗಳ ಬಗ್ಗೆ ಏನೇ ಆಕ್ಷೇಪವಿರಲಿ, ಈ ಒಂದು ಮಾತಿನಲ್ಲಿ ನ್ಯಾಯವಿತ್ತು. ಕೇಂದ್ರದ 2010ರ ವೈದ್ಯಕೀಯ ಸಂಸ್ಥೆಗಳ ಕಾಯಿದೆ ಸರ್ಕಾರಿ ಆಸ್ಪತ್ರೆಗಳನ್ನೂ ಒಳಗೊಳ್ಳುತ್ತದೆ. ಆದರೆ ತನ್ನದೇ ಕಾಯಿದೆಯಿರುವ ಕರ್ನಾಟಕ ಅದನ್ನು ಅಳವಡಿಸಿಕೊಂಡಿಲ್ಲ. ಹೀಗಾಗಿ ಬಡವರು ಹೆಚ್ಚು ಹೋಗುವ ಆಸ್ಪತ್ರೆಯೇ ಹೊರಗಿನ ಕಣ್ಣಿಲ್ಲದೆ ಉಳಿಯಿತು.

ಸರ್ಕಾರಿ ಆಸ್ಪತ್ರೆಗಳಿಗೆ ಮಾರ್ಗಸೂಚಿಗಳಿಲ್ಲವೆಂದಲ್ಲ, ರಾಶಿ ಇವೆ. ಭಾರತೀಯ ಸಾರ್ವಜನಿಕ ಆರೋಗ್ಯ ಮಾನದಂಡಗಳು 2007ರಲ್ಲಿ ಬಂದು 2012ರಲ್ಲೂ 2022ರಲ್ಲೂ ಪರಿಷ್ಕೃತಗೊಂಡಿವೆ. ಸೋಂಕು ತಡೆಯ ರಾಷ್ಟ್ರೀಯ ಮಾರ್ಗಸೂಚಿ 2020ರ ಜನವರಿಯಲ್ಲಿ ಬಂತು. ರಾಷ್ಟ್ರೀಯ ಗುಣಮಟ್ಟ ಖಾತರಿ ಮಾನದಂಡಗಳ ತಪಾಸಣಾ ಪಟ್ಟಿಯಲ್ಲಿ ಗೋಡೆಯ ಸೋರಿಕೆ, ಬಿರುಕು, ಉದುರುವ ಗಾರೆಯ ಪ್ರಸ್ತಾಪವೂ ಇದೆ. 2015ರಲ್ಲಿ ಶುರುವಾದ ಕಾಯಕಲ್ಪ ಯೋಜನೆ ಸ್ವಚ್ಛ ಆಸ್ಪತ್ರೆಗೆ ಬಹುಮಾನ ಕೊಡುತ್ತದೆ, ಶೇ. 70 ಅಂಕ ಬಂದರೆ ಅರ್ಹತೆ. ಬಹುಮಾನದಿಂದ ಒಳ್ಳೆಯ ಆಸ್ಪತ್ರೆಗಳಿಗೆ ಹುರುಪು ಬಂದಿರುವುದು ನಿಜ. ಆದರೆ ನೂರರಲ್ಲಿ ಎಪ್ಪತ್ತು ಪಡೆದ ಆಸ್ಪತ್ರೆಯಲ್ಲಿ ಉಳಿದ ಮೂವತ್ತು ಶಸ್ತ್ರಚಿಕಿತ್ಸಾ ಕೊಠಡಿಯ ಚಾವಣಿಯದ್ದೇ ಆಗಿದ್ದರೆ? ಇಪ್ಪತ್ತು ಅಂಕ ಪಡೆದ ಆಸ್ಪತ್ರೆಗೆ ಬಹುಮಾನ ತಪ್ಪುತ್ತದೆ, ಅದರಾಚೆಗೆ ಏನೂ ಆಗುವುದಿಲ್ಲ. ತಪಾಸಣೆಯ ಮುನ್ನಾ ವಾರ ಒದ್ದೆ ಗೋಡೆಗೆ ಬಣ್ಣ ಬಳಿದರೆ ಕಲೆ ಮುಚ್ಚುತ್ತದೆ, ಬೂಷ್ಟು ಬಣ್ಣದಡಿಯಲ್ಲಿ ಮೇಯುತ್ತಿರುತ್ತದೆ. ಇನ್ನು ದುರಸ್ತಿಯ ಹೊಣೆ ಯಾರದು? ಆರೋಗ್ಯ ಇಲಾಖೆಯ ಎಂಜಿನಿಯರಿಂಗ್ ವಿಭಾಗ, ಲೋಕೋಪಯೋಗಿ, ಜಿಲ್ಲಾ ಪಂಚಾಯಿತಿ ಎಂದು ಕಡತ ತಿರುಗುವಷ್ಟರಲ್ಲಿ ಮತ್ತೊಂದು ಮಳೆಗಾಲ ಬಂದಿರುತ್ತದೆ. 2021ರಲ್ಲಿ ವಿಜಯನಗರ ಜಿಲ್ಲೆ ಬೇರೆಯಾದ ಮೇಲೆ ಹೊಸಪೇಟೆ, ಹಂಪಿ ಒಂದು ಜಿಲ್ಲಾಡಳಿತಕ್ಕೂ ಸಂಡೂರು, ಕಂಪ್ಲಿ ಇನ್ನೊಂದಕ್ಕೂ ಸೇರಿವೆ. ಅಕ್ಕಪಕ್ಕದ ಊರುಗಳ ದೂರು ಹಿಡಿದು ಈಗ ಎರಡು ಕಚೇರಿಗಳಿಗೆ ಅಲೆಯಬೇಕು.

ಮೇಲ್ವಿಚಾರಣೆ ಸಡಿಲವಾದರೆ ಏನಾಗುತ್ತದೆಂಬುದಕ್ಕೆ ಬಳ್ಳಾರಿ ಜಿಲ್ಲಾಸ್ಪತ್ರೆಯ ದುರಂತವನ್ನು ಇಲ್ಲಿಯ ಜನ ಮರೆತಿಲ್ಲ. 2024ರ ನವೆಂಬರ್ ಎರಡನೇ ವಾರದಲ್ಲಿ ಸಿಸೇರಿಯನ್ ಆದ ತಾಯಂದಿರಲ್ಲಿ ಹಲವರಿಗೆ ಮೂತ್ರಪಿಂಡ, ಇತರ ಅಂಗಗಳು ಕೈಕೊಟ್ಟವು. ಡಿಸೆಂಬರ್ ಮೊದಲ ವಾರದ ಹೊತ್ತಿಗೆ ಐವರು ಬಾಣಂತಿಯರು ತೀರಿಕೊಂಡಿದ್ದರು. ಅನುಮಾನ ಹೋದದ್ದು ರಕ್ತನಾಳಕ್ಕೆ ಏರಿಸಿದ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ. ಅದೇ ಕಂಪನಿಯ ಕೆಲವು ತಂಡಗಳ ದ್ರಾವಣ ಗುಣಮಟ್ಟದ್ದಲ್ಲ ಎಂದು ರಾಜ್ಯದ ಪ್ರಯೋಗಾಲಯ ಮೊದಲೇ ಹೇಳಿತ್ತು. ಕೇಂದ್ರದ ಪ್ರಯೋಗಾಲಯ ಅವುಗಳಲ್ಲಿ ಕೆಲವನ್ನು ಸರಿಯೆಂದಿತ್ತು. ಎರಡು ಪ್ರಯೋಗಾಲಯಗಳ ನಡುವಿನ ಬಿರುಕಿನಿಂದ ಬಾಟಲಿಗಳು ವಾರ್ಡಿಗೆ ಬಂದವು. ರಾಜ್ಯದ ಔಷಧ ನಿಯಂತ್ರಕರನ್ನು ಅಮಾನತು ಮಾಡಲಾಯಿತು. 2024ರ ಏಪ್ರಿಲ್‌ನಿಂದ ಡಿಸೆಂಬರ್‌ವರೆಗಿನ 464 ತಾಯಂದಿರ ಮರಣಗಳ ಪರಿಶೀಲನೆ ನಡೆದು, ಶೇ. 70ಕ್ಕೂ ಹೆಚ್ಚು ಸಾವುಗಳನ್ನು ತಡೆಯಬಹುದಿತ್ತೆಂದು 2025ರಲ್ಲಿ ಆರೋಗ್ಯ ಇಲಾಖೆಯೇ ಹೇಳಿತು. ಬಳ್ಳಾರಿಯಲ್ಲಿ ಚರ್ಚೆಗೆ ಬಂದದ್ದು ಬ್ಯಾಕ್ಟೀರಿಯಾದ ನಂಜು, ಬೂಷ್ಟಲ್ಲ. ಆದರೆ ಕಣ್ಣು ತಪ್ಪಿದ ಜಾಗ ಒಂದೇ ಬಗೆಯದು.

ಬೂಷ್ಟೇ ಬಾಟಲಿಯೊಳಗೆ ಬಂದದ್ದಕ್ಕೂ ಉದಾಹರಣೆಯಿದೆ. 2012ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಒಂದು ಔಷಧ ತಯಾರಿಕಾ ಕೇಂದ್ರದಿಂದ ಬೆನ್ನುನೋವಿನ ಸ್ಟೀರಾಯ್ಡ್ ಚುಚ್ಚುಮದ್ದು ಹಲವು ರಾಜ್ಯಗಳಿಗೆ ಹೋಯಿತು. 700ಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು, 60ಕ್ಕೂ ಹೆಚ್ಚು ಜನ ಸತ್ತರು. ಬಾಟಲಿಯಲ್ಲಿ ಸಿಕ್ಕಿದ್ದು ಎಕ್ಸೆರೋಹೈಲಮ್ ರಾಸ್ಟ್ರೇಟಮ್ ಎಂಬ ಶಿಲೀಂಧ್ರ. ಕೂಡ್ಲಿಗಿ, ಹರಪನಹಳ್ಳಿ ಕಡೆಯ ಮೆಕ್ಕೆಜೋಳದ ರೈತರಿಗೆ ಅದರ ದಾಯಾದಿ ಚೆನ್ನಾಗಿ ಗೊತ್ತು: ಎಲೆಯ ಮೇಲೆ ದೋಣಿಯಾಕಾರದ ಉದ್ದ ಮಚ್ಚೆ ಎಬ್ಬಿಸುವ ಟರ್ಸಿಕಮ್ ಅಂಗಮಾರಿ ಅದೇ ಕುಲದ್ದು. ಹುಲ್ಲಿನ ಎಲೆಯಲ್ಲಿ ಬದುಕುವ ಜೀವಿ ಮನುಷ್ಯನ ಬೆನ್ನುಹುರಿಯ ಸುತ್ತಲಿನ ಪೊರೆಗೆ ದಾಟಿತ್ತು. ಆ ಕೇಂದ್ರದ ತಪಾಸಣೆ ರಾಜ್ಯದ್ದೋ ಒಕ್ಕೂಟ ಸರ್ಕಾರದ್ದೋ ಎಂಬ ಗೊಂದಲವೇ ಅಲ್ಲಿಯೂ ದಾರಿ ಮಾಡಿಕೊಟ್ಟದ್ದು. ಮರುವರ್ಷವೇ ಅವರು ಹೊಸ ಕಾಯಿದೆ ಮಾಡಿದರು. ಅದೇ ದೇಶದ ಸಿಯಾಟಲ್ ನಗರದ ಹೆಸರಾಂತ ಮಕ್ಕಳ ಆಸ್ಪತ್ರೆ, ಶಸ್ತ್ರಚಿಕಿತ್ಸಾ ಕೊಠಡಿಗಳ ಗಾಳಿ ವ್ಯವಸ್ಥೆಯಿಂದ ಬಂದ ಆಸ್ಪರ್ಜಿಲಸ್ 2001ರಿಂದ 14 ಮಕ್ಕಳಿಗೆ ತಗುಲಿ ಆರು ಮಕ್ಕಳು ಸತ್ತರೆಂದು 2019ರಲ್ಲಿ ಬಹಿರಂಗವಾಗಿ ಒಪ್ಪಿಕೊಂಡು ಕೊಠಡಿಗಳನ್ನು ಮುಚ್ಚಿತು. ಸಿರಿವಂತ ದೇಶದಲ್ಲೂ ಇದು ತಪ್ಪಿಲ್ಲವೆಂದು ಸಮಾಧಾನಪಟ್ಟುಕೊಳ್ಳುವವರು, ಅಲ್ಲಿ ಲೆಕ್ಕ ಹೊರಬಂತು ಎಂಬುದನ್ನೂ ಗಮನಿಸಬೇಕು.

ಕೃಷಿಗೂ ಆಸ್ಪತ್ರೆಗೂ ಇರುವ ಇನ್ನೊಂದು ನಂಟು ಇದಕ್ಕಿಂತ ಕಳವಳಕಾರಿ. ಭತ್ತದ ಎಲೆಕವಚ ಅಂಗಮಾರಿಗೆ ಹೊಡೆಯುವ ಪ್ರೊಪಿಕೊನಜೋಲ್, ಹೆಕ್ಸಾಕೊನಜೋಲ್, ಟೆಬುಕೊನಜೋಲ್ ಎಂಬ ಔಷಧಗಳೂ, ಆಸ್ಪರ್ಜಿಲಸ್ ರೋಗಿಗೆ ಕೊಡುವ ಇಟ್ರಾಕೊನಜೋಲ್, ವೊರಿಕೊನಜೋಲ್ ಎಂಬ ಮಾತ್ರೆಗಳೂ ಒಂದೇ ವಂಶದವು. ಹೊಲದಲ್ಲಿ ಒಂದಕ್ಕೆ ಬಗ್ಗದಂತೆ ಬಲಿತ ಶಿಲೀಂಧ್ರ ಆಸ್ಪತ್ರೆಯಲ್ಲಿ ಇನ್ನೊಂದಕ್ಕೂ ಬಗ್ಗುವುದಿಲ್ಲ. ಮೊದಲು ನೆದರ್‌ಲ್ಯಾಂಡ್ಸಿನಲ್ಲಿ ಗುರುತಿಸಿದ ಈ ಸಮಸ್ಯೆ ಭಾರತದಲ್ಲೂ ಇದೆಯೆಂದು ದೆಹಲಿಯ ವಲ್ಲಭಭಾಯಿ ಪಟೇಲ್ ಎದೆರೋಗ ಸಂಸ್ಥೆಯ ಸಂಶೋಧಕರು 2012ರಲ್ಲಿ ತೋರಿಸಿದರು. ಭತ್ತದ ಗದ್ದೆಯ ಮಣ್ಣು, ಚಹಾ ತೋಟ, ಹೂಕುಂಡಗಳಲ್ಲಿ ಮಾತ್ರವಲ್ಲದೆ ಆಸ್ಪತ್ರೆಯ ಆವರಣದಲ್ಲೂ ಅಂಥ ಆಸ್ಪರ್ಜಿಲಸ್ ಅವರಿಗೆ ಸಿಕ್ಕಿತು. ಕಂಪ್ಲಿ, ಗಂಗಾವತಿಯ ಎರಡು ಬೆಳೆಯ ಗದ್ದೆಗಳಲ್ಲಿ ಈ ಔಷಧಗಳು ಎಷ್ಟು ಸಲ ಬೀಳುತ್ತವೆಂದು ಬೆಳೆಗಾರರಿಗೇ ಗೊತ್ತು. ಆದರೆ ಕೀಟನಾಶಕಕ್ಕೆ 1968ರ ಕಾಯಿದೆ, ಅದನ್ನು ನೋಡುವುದು ಕೃಷಿ ಇಲಾಖೆ. ಮಾತ್ರೆಗೆ ಬೇರೆ ಕಾಯಿದೆ, ಬೇರೆ ಇಲಾಖೆ. ಗದ್ದೆಯ ಬೀಜಾಣು ಆಸ್ಪತ್ರೆಯ ಕಿಟಕಿ ದಾಟುವಾಗ ಯಾವ ಇಲಾಖೆಯ ಅಪ್ಪಣೆಯನ್ನೂ ಕೇಳುವುದಿಲ್ಲ. ಔಷಧಕ್ಕೆ ಬಗ್ಗದ ಶಿಲೀಂಧ್ರ ಬರಲಿರುವಾಗ ಆಸ್ಪತ್ರೆಯ ಗೋಡೆಯನ್ನು ಒಣದಾಗಿ ಇಟ್ಟುಕೊಳ್ಳುವುದೇ ಅಗ್ಗದ ರಕ್ಷಣೆ.

ಹಾಗಾದರೆ ಗಾಳಿಯಲ್ಲಿ ಇಷ್ಟೇ ಬೀಜಾಣು ಇರಬೇಕೆಂದು ಶೇಂಗಾದಂತೆ ಅಂಕಿ ಗೊತ್ತುಪಡಿಸಬೇಕೇ? ಅದು ಸಾಧುವಲ್ಲ. ಒಂದು ಕಿಟಕಿ ತೆರೆದರೆ ಎಣಿಕೆ ಬದಲಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯೂ 2009ರ ತನ್ನ ಮಾರ್ಗಸೂಚಿಯಲ್ಲಿ ಅಂಥ ಅಂಕಿ ಕೊಡದೆ ತೇವವನ್ನು ತಡೆಯಿರಿ, ಕಂಡ ಬೂಷ್ಟನ್ನು ತೆಗೆಯಿರಿ ಎಂದಿತು. ಕಾಯಿದೆ ಹಿಡಿಯಬೇಕಾದದ್ದು ತೇವವನ್ನು, ದಿನಾಂಕವನ್ನು. ಸೋರಿಕೆ ಕಂಡ ದಿನ, ಹೇಳಿದವರ ಹೆಸರು, ದುರಸ್ತಿಯಾದ ದಿನ ಬರೆಯುವ ಒಂದು ದಾಖಲೆ ಪುಸ್ತಕ. ಶಸ್ತ್ರಚಿಕಿತ್ಸೆ, ಹೆರಿಗೆ, ತೀವ್ರ ನಿಗಾ ಕೊಠಡಿಗಳಲ್ಲಿ 48 ಗಂಟೆಯೊಳಗೆ ಒಣಗಿಸದಿದ್ದರೆ ಆ ಕೊಠಡಿ ಮುಚ್ಚುವ ನಿಯಮ. ದುರಸ್ತಿಯ ಹೊಣೆ ಒಂದೇ ಇಲಾಖೆಗೆ. ವರ್ಷಕ್ಕೊಮ್ಮೆ ಆರೋಗ್ಯ ಇಲಾಖೆಗೆ ಸೇರದವರಿಂದ ತಪಾಸಣೆ, ಅದರ ವರದಿ ಆಸ್ಪತ್ರೆಯ ಬಾಗಿಲಲ್ಲಿ ಕನ್ನಡದಲ್ಲಿ. ಭತ್ತದ ತೇವ ಅಳೆಯಬಲ್ಲ ಸರ್ಕಾರಕ್ಕೆ ಗೋಡೆಯ ತೇವ ಅಳೆಯುವುದು ಹೊಸ ವಿದ್ಯೆಯಲ್ಲ. ಹಂಪಿಯ ಕಲ್ಲುಕಂಬಕ್ಕೆ ಪಾಚಿ, ಕಲ್ಲುಹೂವು ಹಿಡಿದರೆ ನೋಡಿಕೊಳ್ಳಲು ಪುರಾತತ್ವ ಸರ್ವೇಕ್ಷಣ ಇಲಾಖೆಯಲ್ಲಿ ರಸಾಯನ ಬಲ್ಲವರ ಪ್ರತ್ಯೇಕ ವಿಭಾಗವೇ ಇದೆ. ಅದು ಇರಬೇಕಾದದ್ದೇ.

ಹಣವಿಲ್ಲವೆಂಬ ಮಾತು ಈ ಎರಡು ಜಿಲ್ಲೆಗಳಲ್ಲಿ ನಡೆಯದು. 2015ರಿಂದ ಜಿಲ್ಲಾ ಖನಿಜ ಪ್ರತಿಷ್ಠಾನದ ನಿಧಿಯಿದೆ, ಅದರ ಆದ್ಯತೆಯ ಪಟ್ಟಿಯಲ್ಲಿ ಆರೋಗ್ಯವಿದೆ. ಆದರೆ ಗಣಿಯ ಹಣಕ್ಕೆ ಹೊಸ ಕಟ್ಟಡದ ಶಂಕುಸ್ಥಾಪನೆ ಕಂಡಷ್ಟು ಸುಲಭವಾಗಿ ಹಳೆಯ ತಾರಸಿಯ ಬಿರುಕು ಕಾಣುವುದಿಲ್ಲ. ಸಣ್ಣಪುಟ್ಟ ದುರಸ್ತಿಗೆ ಆರೋಗ್ಯ ರಕ್ಷಾ ಸಮಿತಿಗಳ ಕೈಯಲ್ಲೂ ಹಣವಿರುತ್ತದೆ.

ಕಾಯಿದೆ ಬರುವವರೆಗೆ ಕಾಯಬೇಕಾಗಿಲ್ಲ. ಹಳ್ಳಿಯ ಯುವಕ ಸಂಘವೋ ಕಾಲೇಜಿನ ವಿದ್ಯಾರ್ಥಿಗಳೋ ಮಾಹಿತಿ ಹಕ್ಕು ಕಾಯಿದೆಯಡಿ ಹತ್ತು ರೂಪಾಯಿಯ ಅರ್ಜಿಯಲ್ಲಿ ತಮ್ಮ ತಾಲ್ಲೂಕು ಆಸ್ಪತ್ರೆಗೆ ನಾಲ್ಕು ಸಂಗತಿ ಕೇಳಬಹುದು: ಕಳೆದ ಮೂರು ವರ್ಷಗಳಲ್ಲಿ ಕಟ್ಟಡದ ಸೋರಿಕೆಯ ಬಗ್ಗೆ ಬರೆದ ಪತ್ರಗಳ ಪ್ರತಿ, ಶಸ್ತ್ರಚಿಕಿತ್ಸಾ ಕೊಠಡಿಯ ಹವಾನಿಯಂತ್ರಕದ ಶೋಧಕ ಬದಲಿಸಿದ ದಿನಾಂಕಗಳು, ಕೊನೆಯ ಕಾಯಕಲ್ಪ ತಪಾಸಣೆಯ ಅಂಕಪಟ್ಟಿ, ಆರೋಗ್ಯ ರಕ್ಷಾ ಸಮಿತಿ ದುರಸ್ತಿಗೆ ಮಾಡಿದ ಖರ್ಚು. ಉತ್ತರ ಕೊಡಲು 30 ದಿನಗಳ ಗಡುವಿದೆ. ಮಾರ್ಚ್ ಕೊನೆಯಲ್ಲಿ ಅರ್ಜಿ ಹಾಕಿದರೆ ಮುಂಗಾರಿಗೆ ಮೊದಲು ಒಂದು ತಿಂಗಳಾದರೂ ಕೈಯಲ್ಲಿ ಉಳಿಯುತ್ತದೆ. ಒದ್ದೆ ತಾರಸಿಯ ಮೇಲೆ ಗಾರೆ ಕೂರುವುದಿಲ್ಲವಾದ್ದರಿಂದ ದುರಸ್ತಿ ನಡೆಯಬೇಕಾದದ್ದೂ ಆ ತಿಂಗಳಲ್ಲೇ.